ದುಂಡು ಕಮಾನಿನ ಚರ್ಚಿನಲ್ಲಿ ಬರಿಗಾಲು

ಆ ಚರ್ಚಿನ ಬಾಗಿಲಲ್ಲಿ ನಾನು ಮಾಡಿದ ಮೊದಲ ಕೆಲಸ ಬೂಟು ಬಿಚ್ಚಿದ್ದು. ಯೋಚಿಸಿ ಮಾಡಿದ್ದಲ್ಲ. ಹೆಗಲ ಮೇಲೆ ಮುಕ್ಕಾಲಿ, ಕೈಯಲ್ಲಿ ಲೆವೆಲ್ ಯಂತ್ರದ ಹಳದಿ ಪೆಟ್ಟಿಗೆ, ತಲೆಗೆ ಹೆಲ್ಮೆಟ್. ಇಷ್ಟನ್ನೂ ಹೊತ್ತುಕೊಂಡೇ ಹೊಸ್ತಿಲ ಮುಂದೆ ನಿಂತು ಲೇಸು ಸಡಿಲಿಸಿ, ಕಾಲುಚೀಲ ಬೂಟಿನೊಳಗೆ ತುರುಕಿ, ಎರಡನ್ನೂ ಜೋಡಿಸಿ ಗೋಡೆಗೆ ಒತ್ತಿಟ್ಟು ಒಳಗೆ ಹೋದೆ. 2011ರ ಆಗಸ್ಟ್. ಆ ವರ್ಷ ಟೆಕ್ಸಸ್ ಮಳೆಯನ್ನೇ ಮರೆತಿತ್ತು. ಹೊರಗೆ ಹುಲ್ಲು ಬೂದಿಯ ಬಣ್ಣಕ್ಕೆ ತಿರುಗಿತ್ತು, ಕರಿಮಣ್ಣು ಕೈ ತೂರಿಸುವಷ್ಟು ಬಾಯಿ ಬಿಟ್ಟಿತ್ತು. ಒಳಗೆ ಕಲ್ಲುಹಾಸು ಅಂಗಾಲಿಗೆ ಹಿತವಾಗಿತ್ತು. ಬಾಗಿಲಿನಿಂದ ನೇರ ಬಲಿಪೀಠದವರೆಗೆ ನಡೆದೆ. ಪೀಠದ ಹತ್ತಿರ ಬಂದಂತೆ ಆ ತಂಪು ಇನ್ನೂ ಜಾಸ್ತಿಯಾಗಿ ಕಾಲಿಗೆ ಒದ್ದೆ ಬಟ್ಟೆ ತಾಗಿದ ಹಾಗಾಯಿತು. ನೆರಳಿನ ಜಾಗ, ಹಾಗೇ ಇರುತ್ತದೆ ಅಂದುಕೊಂಡೆ.

"ಏನಮ್ಮ, ಈಜೋಕೆ ಬಂದಿದ್ದೀಯಾ?" ಎಂದು ಹಿಂದಿನಿಂದ ಒಂದು ದಪ್ಪ ದನಿ ಕೇಳಿತು.

ಅಡಿಪಾಯ ಕೊರೆಯುವ ಗುತ್ತಿಗೆದಾರ. ಮೀಸೆಯ ಆಸಾಮಿ. ನನ್ನ ಬೂಟುಗಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಿಂತಿದ್ದ. ಇದು ಕೆಲಸದ ಜಾಗ, ಬೂಟಿಲ್ಲದೆ ಒಳಗೆ ಕಾಲಿಟ್ಟರೆ ಮನೆಗೆ ಕಳಿಸುತ್ತೇನೆ ಅಂದ. ತಪ್ಪು ನನ್ನದೇ. ಹಾಕಿಕೊಂಡೆ.

ಅವನಿಗೆ ಏನಂತ ವಿವರಿಸಲಿ? ನನ್ನ ಅಪ್ಪ ವಿಜಯಪುರದಲ್ಲಿ ಟಾಂಗಾ ಓಡಿಸುತ್ತಿದ್ದವರು. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಲು ಬಂದ ಪ್ರವಾಸಿಗರು ಒಳಗೆ ಹೋದಾಗ ಅವರ ಚಪ್ಪಲಿ, ಬೂಟು ಕಾಯುವುದು ಟಾಂಗಾದವರ ಉಪಕಸುಬು. ರಜೆಯಲ್ಲಿ ಆ ಕೆಲಸ ನನ್ನದು. ಹಳೆಯ ಕಲ್ಲಿನ ಕಟ್ಟಡ, ಮೇಲೊಂದು ಕಮಾನು, ಒಳಗೆ ಸದ್ದಿಲ್ಲ ಅಂದರೆ ನನ್ನ ಕಾಲು ತಾನಾಗಿಯೇ ಬರಿದಾಗುತ್ತದೆ. ಆ ಟಾಂಗಾದ ದುಡಿಮೆಯ ಮೇಲೆಯೇ ಡಿಪ್ಲೊಮಾ ಮಾಡಿದೆ, ರಸ್ತೆ ಕಾಂಟ್ರಾಕ್ಟರ್ ಹತ್ತಿರ ದುಡಿಯುತ್ತ ಬಿ.ಇ. ಮುಗಿಸಿದೆ, ಆಮೇಲೆ ಟೆಕ್ಸಸ್‌ನಲ್ಲಿ ಎಂ.ಎಸ್. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಕೈಯಲ್ಲಿ ಹಿಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಈಗ ಚರ್ಚಿನ ವಿಷಯ. ಹ್ಯೂಸ್ಟನ್‌ಗೂ ಆಸ್ಟಿನ್‌ಗೂ ನಡುವೆ, ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿ ಅದು. ಜರ್ಮನಿಯಿಂದ ವಲಸೆ ಬಂದ ರೈತರು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಟ್ಟಿದ ಕಲ್ಲಿನ ಚರ್ಚು. ಅಕ್ಕಪಕ್ಕದ ಊರಿನವರೆಲ್ಲ ಆ ಕಾಲಕ್ಕೆ ಫ್ಯಾಷನ್ ಆಗಿದ್ದ ಚೂಪು ಕಮಾನಿನ, ಆಕಾಶಕ್ಕೆ ಏಣಿ ಹಾಕಿದಂಥ ಚರ್ಚುಗಳನ್ನು ಕಟ್ಟಿಸಿದರೆ ಈ ಊರಿನವರು ಮಾತ್ರ ದುಂಡು ಕಮಾನಿಗೇ ಅಂಟಿಕೊಂಡರು. ರೋಮನೆಸ್ಕ್ ಅನ್ನುವ ಹಳೆಯ ಶೈಲಿ. ದಪ್ಪ ಗೋಡೆ, ಸಣ್ಣ ಕಿಟಕಿ, ಎಲ್ಲಿ ನೋಡಿದರೂ ಅರ್ಧವೃತ್ತ. ಉದ್ದನೆಯ ಹಜಾರ, ಅದರ ತುದಿಯಲ್ಲಿ ದೊಡ್ಡದೊಂದು ದುಂಡು ಕಮಾನು, ಕಮಾನಿನಾಚೆ ಅರ್ಧವೃತ್ತದ ಪುಟ್ಟ ಕೋಣೆ. ಬಲಿಪೀಠ ಇರುವುದು ಅಲ್ಲಿ. ಆ ಕೋಣೆಯನ್ನು ನಾನು ಮನಸ್ಸಿನಲ್ಲಿ ಗರ್ಭಗುಡಿ ಅಂತಲೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಅದರ ಮೇಲೆ ಅರ್ಧ ಗುಮ್ಮಟ, ಒಳಗಡೆ ನೀಲಿ ಬಣ್ಣ, ಚಿನ್ನದ ನಕ್ಷತ್ರಗಳು.

ಇವನ್ನೆಲ್ಲ ತೋರಿಸಿದವರು ಚರ್ಚಿನ ಬೀಗದಕೈ ಇಟ್ಟುಕೊಂಡಿದ್ದ ಅಜ್ಜಿ. ಆರ್ಗನ್ ನುಡಿಸುವವರೂ ಅವರೇ, ಗಂಟೆ ಹೊಡೆಯುವವರೂ ಅವರೇ, ಹೂವಿನ ನೀರು ಬದಲಿಸುವವರೂ ಅವರೇ. ಫಾದರ್ ಮೂರು ಊರು ಸುತ್ತುವವರು, ವಾರಕ್ಕೊಮ್ಮೆ ಬರುತ್ತಿದ್ದರು.

"ಪಕ್ಕದೂರಿನವರು ನಮ್ಮ ಚರ್ಚನ್ನ ಬ್ರೆಡ್ ಒಲೆ ಅಂತಾರೆ," ಅಂದರು ಅಜ್ಜಿ. "ನಮ್ಮ ಮುತ್ತಜ್ಜಂದಿರ ಊರಲ್ಲಿ ಇಂಥದ್ದೇ ಒಂದಿತ್ತಂತೆ. ಕಟ್ಟಿದ ಮೇಸ್ತ್ರಿ ಅದನ್ನ ನೆನಪಲ್ಲೇ ಇಟ್ಕೊಂಡು ಬಂದ. ನಕ್ಷೆ ಗಿಕ್ಷೆ ಏನಿಲ್ಲ. ಕಮಾನು ದುಂಡಗಿದ್ರೆ ಯಾರ ಮನಸ್ಸಿಗೂ ಚುಚ್ಚಲ್ಲ ಅಂತಿದ್ನಂತೆ."

"ಅಮೃತಶಿಲೆಯ ಕಂಬಗಳು ಚೆನ್ನಾಗಿವೆ," ಅಂದೆ.

ಅಜ್ಜಿ ಬೆರಳ ಗೆಣ್ಣಿನಿಂದ ಕಂಬವನ್ನು ತಟ್ಟಿದರು. ಟೊಕ್ ಟೊಕ್ ಎಂದಿತು. ಮರ. ಮೇಲೆ ಅಮೃತಶಿಲೆಯ ಗೆರೆಗಳಂತೆ ಹಕ್ಕಿಗರಿಯಲ್ಲಿ ಬಳಿದ ಬಣ್ಣ. "ಅಮೃತಶಿಲೆ ತರಿಸೋಕೆ ಯಾರ ಹತ್ರ ದುಡ್ಡಿತ್ತು? ಮರ ಅಂತ ದೇವರಿಗೆ ಗೊತ್ತು, ಆದ್ರೆ ಯಾರಿಗೂ ಹೇಳಿಲ್ಲ."

ಗರ್ಭಗುಡಿಯೂ ಹಜಾರವೂ ಕೂಡುವ ಜಾಗದಲ್ಲಿ, ಆ ದೊಡ್ಡ ಕಮಾನಿನ ಪಕ್ಕದಿಂದ ಒಂದು ಬಿರುಕು ಮೇಲಕ್ಕೆ ಹೊರಟಿತ್ತು. ಕೆಳಗೆ ಕೂದಲೆಳೆಯಷ್ಟು, ಮೇಲೆ ಹೋದಂತೆ ಹೆಬ್ಬೆರಳು ಹಿಡಿಸುವಷ್ಟು. ನಕ್ಷತ್ರವೊಂದು ಎರಡು ಹೋಳಾಗಿತ್ತು. ಹಳೆಯ ಬಿರುಕು, ಆದರೆ ಆ ಬೇಸಿಗೆಯಲ್ಲಿ ಅಗಲವಾಗುತ್ತಲೇ ಹೋಗಿತ್ತು. ಬಿಷಪ್ಪರ ಕಚೇರಿಯವರು ಪೂಜೆ ನಿಲ್ಲಿಸಿ ಬೀಗ ಹಾಕಿಸಿದ್ದರು. ಮುಂದಿನ ಏಪ್ರಿಲ್‌ನ ಈಸ್ಟರ್ ಹಬ್ಬದೊಳಗೆ ಕಟ್ಟಡ ಭದ್ರ ಅಂತ ಇಂಜಿನಿಯರ್ ಬರೆದುಕೊಡಬೇಕು. ಇಲ್ಲದಿದ್ದರೆ ಚರ್ಚು ಕಾಯಂ ಮುಚ್ಚಿ, ಊರಿನವರನ್ನು ಪಟ್ಟಣದ ದೊಡ್ಡ ಚರ್ಚಿಗೆ ಸೇರಿಸುವುದು. ಇದು ಅವರ ತೀರ್ಮಾನ.

"ನಾನು ಕೂಸಿದ್ದಾಗ ಈ ಬಾಗಿಲಿಂದ ಅಳ್ತಾ ಒಳಗೆ ಬಂದೆ, ಜ್ಞಾನಸ್ನಾನಕ್ಕೆ," ಅಂದರು ಅಜ್ಜಿ. "ಹೋಗೋದೂ ಇದೇ ಬಾಗಿಲಿಂದ. ಆಗ ಅಳೋ ಸರದಿ ಬೇರೆಯವರದು. ಪಟ್ಟಣದ ಚರ್ಚಿಗೆ ಕಾರ್ ಪಾರ್ಕಿಂಗ್ ಚೆನ್ನಾಗಿದೆ, ಒಪ್ತೀನಿ. ನನಗೆ ಅದರ ಉಪಯೋಗ ಜಾಸ್ತಿ ದಿನ ಇಲ್ಲ."

ನಾನು ಡಲ್ಲಾಸ್ ಶಾಖೆಯವಳು. ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯ ಇಂಜಿನಿಯರ್ ಹ್ಯೂಸ್ಟನ್ ಕಚೇರಿಯವರು, ಮನೆ ಅಲ್ಲೇ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ. ಮೈಸೂರಿನವರು, ನನಗೆ ಬರೀ ಸರ್. ಅವರ ಸೀಲು ಬಿದ್ದರೆ ಮಾತ್ರ ಕಾಗದಕ್ಕೆ ಬೆಲೆ, ನನಗಿನ್ನೂ ಆ ಲೈಸೆನ್ಸ್ ಇರಲಿಲ್ಲ. ನಾನು ಮಾಡಬೇಕಾದ್ದು ಅಳತೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಗಚ್ಚಿನಿಂದ ಅಂಟಿಸಿದೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ, ಅದೇ ನಮ್ಮ ಕಾವಲುಗಾರ. ಆಮೇಲೆ ಲೆವೆಲ್ ಯಂತ್ರ ಇಟ್ಟು ಇಡೀ ನೆಲದ ಏರಿಳಿತ ಬರೆದುಕೊಂಡೆ. ಏರಿಳಿತ ಅಳೆಯಬೇಕಾದರೆ ಯಾವುದಾದರೂ ಒಂದು ಜಾಗ ಕದಲುವುದಿಲ್ಲ ಅಂತ ಇಟ್ಟುಕೊಳ್ಳಬೇಕು. ಹಿಂದೆ ಅಳೆದವರು ಬಲಿಪೀಠದ ಮೆಟ್ಟಿಲನ್ನು ಹಾಗೆ ಇಟ್ಟುಕೊಂಡಿದ್ದರು. ಗರ್ಭಗುಡಿಯ ಗೋಡೆ ಎಲ್ಲಕ್ಕಿಂತ ದಪ್ಪ, ನೋಡಿದರೇ ನಂಬಿಕೆ ಬರುತ್ತದೆ. ನಾವೂ ಅದನ್ನೇ ಹಿಡಿದೆವು.

ಅಂಕಿಗಳು ಒಂದೇ ಮಾತು ಹೇಳಿದವು. ಗರ್ಭಗುಡಿ ಗಟ್ಟಿ, ಹಜಾರ ಕುಸಿಯುತ್ತಿದೆ. ಅಲ್ಲಿನ ಕರಿಮಣ್ಣು ನಮ್ಮ ಎರೆಮಣ್ಣಿನ ಸ್ವಂತ ತಂಗಿ. ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. ಬರಕ್ಕೆ ಮಣ್ಣು ಕುಗ್ಗಿ ಹಜಾರ ಇಳಿದಿದೆ, ಸುತ್ತಲೂ ಆಳಕ್ಕೆ ಕೊರೆದು ಕಾಂಕ್ರೀಟ್ ಕಂಬ ಇಳಿಸಿ ಗೋಡೆ ಹಿಡಿದು ನಿಲ್ಲಿಸಬೇಕು. ಸರ್ ಹಾಕಿದ ಯೋಜನೆ ಇದು. ಕೊರೆಯಬೇಕಾದರೆ ಕಲ್ಲುಹಾಸು ಕಿತ್ತು, ಬೆಂಚು ತೆಗೆದು, ಅರ್ಧ ಚರ್ಚು ಬಿಚ್ಚಿಡಬೇಕು. ಊರಿನವರು ಸಾಸೇಜ್ ಊಟ ಮಾರಿ ಕೂಡಿಸಿದ ಹಣ ಮೊದಲ ಮೂಲೆಗೂ ಸಾಲದು. ಆದರೂ ಶುರುವಾದರೆ ಬಿಷಪ್ಪರ ಕಚೇರಿ ಸ್ವಲ್ಪ ಕರಗೀತು ಎಂಬ ಆಸೆ.

ಅಳತೆಯ ದಿನಗಳಲ್ಲಿ ಊಟದ ಹೊತ್ತಿಗೆ ಅಜ್ಜಿ ಪೀಚ್ ಹಣ್ಣಿನ ಕೇಕ್ ತರುತ್ತಿದ್ದರು. ನಾನು ಡಲ್ಲಾಸ್ ಹತ್ತಿರದ ಇರ್ವಿಂಗ್‌ನ ನಮ್ಮವರ ಅಂಗಡಿಯಿಂದ ಜೋಳದ ಹಿಟ್ಟು ತಂದು ಬಡಿದ ಕಟಕ ರೊಟ್ಟಿ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಕಂಬದ ಹಾಗೆಯೇ ತಟ್ಟಿ ನೋಡಿ, "ಇದು ಚಾವಣಿಗೆ ಹಾಕೋದಾ, ಬಾಯಿಗೆ ಹಾಕೋದಾ?" ಅಂದರು. ಶೇಂಗಾ ಚಟ್ನಿ ಜೊತೆ ಎರಡು ಮುಗಿಸಿದರು.

ಅಕ್ಟೋಬರ್‌ನಲ್ಲಿ, ಕೊರೆಯುವ ಯಂತ್ರ ಬರಬೇಕಾಗಿದ್ದ ವಾರದ ಹಿಂದಿನ ಶನಿವಾರ, ನಾನು ಡಲ್ಲಾಸ್ ಪಕ್ಕದ ಮರ್ಫಿಯಲ್ಲಿದ್ದೆ. ಅಲ್ಲಿ ಒಂದು ಬೆಂಗಳೂರು ಕುಟುಂಬದ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗೆ ಇದ್ದದ್ದು. ಮನೆಯ ಆಂಟಿ ಬೆಳಗ್ಗೆ ಕಾಫಿ ಲೋಟ ಹಿಡಿದು ಮನೆಯ ಸುತ್ತ ನಡೆಯುತ್ತಿದ್ದರು. ಗೋಡೆಯ ಬುಡಕ್ಕೆ ಸುತ್ತಲೂ ಕಪ್ಪು ರಬ್ಬರ್ ಪೈಪು, ಮೈತುಂಬ ಸಣ್ಣ ಸಣ್ಣ ತೂತು, ಅದರಿಂದ ನೀರು ಜಿನುಗುತ್ತಿತ್ತು. ಡಲ್ಲಾಸ್ ಕಡೆಯವರಿಗೆಲ್ಲ ಇದು ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಮನೆ ಬಿರುಕು ಬಿಡದಿರಲಿ ಅಂತ ಅಡಿಪಾಯಕ್ಕೆ ನೀರು ಕುಡಿಸುತ್ತಾರೆ.

"ನಮ್ಮತ್ತೆ ಬೆಂಗಳೂರಿಂದ ಫೋನ್ ಮಾಡಿ ಏನ್ ಮಾಡ್ತಿದ್ದೀಯ ಅಂದ್ರು," ಅಂದರು ಆಂಟಿ. "ಮನೆಗೆ ನೀರು ಹಾಕ್ತಿದ್ದೀನಿ ಅಂದೆ. ಅವರು ಫೋನ್ ಇವರ ಕೈಗೆ ಕೊಡು ಅಂದ್ರು. ಸೊಸೆಗೆ ತಲೆ ಕೆಟ್ಟಿದೆ ಅಂದ್ಕೊಂಡಿರ್ಬೇಕು."

ನಕ್ಕೆ. ಆಂಟಿ ಮುಂದುವರಿಸಿದರು. "ಹೋದ ತಿಂಗಳು ಗ್ಯಾರೇಜ್ ಕಡೆ ಪೈಪ್ ಕಟ್ಕೊಂಡಿತ್ತು, ನೋಡ್ಕೊಂಡಿರ್ಲಿಲ್ಲ ಕಣೆ. ಮೂರು ಕಡೆ ಒದ್ದೆ, ಒಂದು ಕಡೆ ಒಣ. ಅಡುಗೆಮನೆ ಗೋಡೇಲಿ ಬಿರುಕು ಬಂತು. ಪೂರ್ತಿ ಒಣಗಿದ್ರೂ ಇಷ್ಟು ಆಗ್ತಿರ್ಲಿಲ್ಲ ಅಂದ ರಿಪೇರಿಯವನು. ಎಲ್ಲಾ ಒಟ್ಟಿಗೆ ಇಳಿದ್ರೆ ತೊಂದ್ರೆ ಇಲ್ವಂತೆ."

ಇಡೀ ಕಟ್ಟಡ ಒಟ್ಟಿಗೆ ಇಳಿದರೆ ಬಿರುಕಿಲ್ಲ. ನಾನು ಓದಿದ್ದ ಪಾಠವೇ ಅದು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಆದರೆ ಆ ಒದ್ದೆ ಮಣ್ಣಿನ ಮೇಲೆ ನನ್ನ ಮನೆಚಪ್ಪಲಿ ಜಾರಿ ಬರಿಗಾಲು ತಾಗಿದಾಗ ನೆನಪಾದದ್ದು ಪಾಠವಲ್ಲ, ಬಲಿಪೀಠದ ಹತ್ತಿರದ ಆ ಕಲ್ಲು. ಇಂಥ ಬರದಲ್ಲಿ, ಊರಿನ ಬಾವಿಯೇ ತಳ ಕಂಡಿರುವಾಗ, ಅಲ್ಲಿ ಮಾತ್ರ ಒದ್ದೆ ಬಟ್ಟೆಯ ತಂಪು ಎಲ್ಲಿಂದ?

ಒಳಗೆ ಹೋಗಿ ಸರ್‌ಗೆ ಫೋನ್ ಮಾಡಿದೆ.

"ಸರ್, ಕೊರಿಯೂದು ನಿಲ್ಲಸ್ಬೇಕ್ರಿ."

"ಯಾಕಮ್ಮ, ಮಷೀನ್ ಕೆಟ್ಟಿದ್ಯಾ?"

"ಇಲ್ರಿ, ನಮ್ಮ ಲೆಕ್ಕ ಕೆಟ್ಟೈತ್ರಿ. ಹಜಾರ ಇಳದದ್ದು ಖರೇನ ರಿ. ಆದ್ರ ಬರಕ್ಕ ಆ ಊರಾಗಿನ ಎಲ್ಲಾ ಕಟ್ಟಡಾನೂ ಇಳದಿರ್ತಾವ. ಇಳೀಲಾರ್ದ ನಿಂತದ್ದು ಗರ್ಭಗುಡಿ ಒಂದ. ಅದರ ಬುಡಕ ನೀರೈತ್ರಿ."

"ನೀರಿದೆ ಅಂತ ಯಾರು ಹೇಳಿದ್ರು?"

"ಕಾಲು ಹೇಳ್ತು ರಿ."



"ಯಾರ ಕಾಲು?"

"ನನ್ನ ಕಾಲು ರಿ."

"ಸರಿ. ರಿಪೋರ್ಟಲ್ಲಿ ಏನಂತ ಬರೀಲಿ? ಕಿರಿಯ ಇಂಜಿನಿಯರ್ ಅವರ ಬಲಗಾಲಿನ ಅಭಿಪ್ರಾಯದಂತೆ ಅಂತಲಾ?"

"ಎರಡೂ ಕಾಲು ರಿ, ಸರ್."

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಸೋಮವಾರ ನಾನೇ ಬರ್ತೀನಿ. ಮಷೀನ್ ಬಂದ್ರೆ ಬರ್ಲಿ, ಸ್ಟಾರ್ಟ್ ಮಾಡ್ಬೇಡ ಅಂತ ಹೇಳು," ಅಂದರು.

ಸೋಮವಾರ ನಾನು ತಲುಪುವಷ್ಟರಲ್ಲಿ ಯಂತ್ರ ಲಾರಿಯಿಂದ ಇಳಿದು ಚರ್ಚಿನ ಮುಂಭಾಗದ ಮೂಲೆಗೆ ಮುಖ ಮಾಡಿ ನಿಂತಿತ್ತು. ಗುತ್ತಿಗೆದಾರ ಗಡಿಯಾರ ನೋಡಿಕೊಳ್ಳುತ್ತಿದ್ದ. ಅಜ್ಜಿ ಬೀಗದಕೈ ಗೊಂಚಲನ್ನು ಎದೆಗೊತ್ತಿ ನಿಂತಿದ್ದರು. ಸರ್ ಕಾರಿನಿಂದ ಇಳಿದವರು ಫೋನಿನಲ್ಲಿ ಮಾತಾಡುತ್ತಲೇ ಬಾಗಿಲಿಗೆ ಬಂದರು, ಮಾತಾಡುತ್ತಲೇ ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ಎರಡೂ ಶೂ ಕಳಚಿಟ್ಟರು, ಮಾತಾಡುತ್ತಲೇ ಒಳಗೆ ಹೋದರು.

ಗುತ್ತಿಗೆದಾರ ನನ್ನತ್ತ ತಿರುಗಿದ. "ಇವರೂನಾ?"

"ನಮ್ಮ ಕಡೆ ಹೀಗೇ," ಅಂದೆ.

ಫೋನ್ ಇಟ್ಟ ಮೇಲಷ್ಟೇ ಸರ್ ತಮ್ಮ ಕಾಲು ನೋಡಿಕೊಂಡರು. "ಥತ್, ಅಭ್ಯಾಸಬಲ."

"ಸಾಕ್ಸೂ ತಗೀರಿ, ಸರ್."

ತೆಗೆದರು. ಪ್ಯಾಂಟು ಮೇಲೆ ಮಡಚಿ, ಬಾಗಿಲಿನಿಂದ ನಿಧಾನವಾಗಿ ನಡೆದರು. ಹಜಾರದ ನಡುವೆ ನಿಂತರು. ಇನ್ನಷ್ಟು ಮುಂದೆ ಹೋದರು. ಕಮಾನಿನ ಕೆಳಗೆ ಬಂದಾಗ ಒಂದು ಕಾಲು ಹಿಂದಕ್ಕೆ ಇಟ್ಟರು, ಮತ್ತೆ ಮುಂದಕ್ಕೆ ಇಟ್ಟರು, ಮತ್ತೆ ಹಿಂದಕ್ಕೆ. ನಾಟ್ಯದ ಪಾಠ ಕಲಿಯುವವರ ಹಾಗೆ ಕಾಣುತ್ತಿದ್ದರು.

"ಹೌದಲ್ಲಮ್ಮ," ಅಂದರು. "ಇಲ್ಲಿ ಬೇರೆ ಊರು."

ಅಜ್ಜಿಗೆ ವಿಷಯ ಇಂಗ್ಲಿಷಿನಲ್ಲಿ ಹೇಳಿದೆ. ಪೀಠದ ಕೆಳಗೆ ನೀರಿರಬಹುದೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಚಿಕ್ಕವಳಿದ್ದಾಗ ಪೂಜೆ ಹೊತ್ತಲ್ಲಿ ಜೋರು ಮಳೆ ಬಂದ್ರೆ ಅಲ್ಲಿ ಗುಳುಗುಳು ಅಂತ ಸದ್ದು ಬರ್ತಿತ್ತು," ಅಂದರು. "ಸಂತರು ನೀರು ಕುಡೀತಿದ್ದಾರೆ ಅಂತ ನಮ್ಮಮ್ಮ ಹೇಳ್ತಿದ್ಲು. ನಾನು ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ."

ಗರ್ಭಗುಡಿಯ ಹೊರಗೋಡೆಯ ಬುಡದಲ್ಲಿ ಕೈಬೈರಿಗೆ ಇಳಿಸಿದೆ. ಹಜಾರದ ಪಕ್ಕ ಇಳಿಸಿದಾಗ ಬಿಸ್ಕತ್ತಿನ ಪುಡಿ ಬಂದಿತ್ತು. ಇಲ್ಲಿ ಬಂದದ್ದು ರೊಟ್ಟಿಗೆ ನಾದಿದ ಹಿಟ್ಟು. ಇನ್ನಷ್ಟು ಆಳಕ್ಕೆ ಹೋದಾಗ ಬೈರಿಗೆ ಇಟ್ಟಿಗೆಗೆ ತಾಗಿತು. ಸುತ್ತಲೂ ಬಿಡಿಸಿ ನೋಡಿದರೆ ಇಟ್ಟಿಗೆಯ ತೊಟ್ಟಿ, ಹೂಜಿಯ ಆಕಾರದ್ದು, ಅರ್ಧ ಹೊರಗೆ, ಅರ್ಧ ಗರ್ಭಗುಡಿಯ ಕೆಳಗೆ. ಕಲ್ಲಿನ ಚರ್ಚಿಗಿಂತ ಮುಂಚೆ ಅಲ್ಲಿ ಮರದ ಪ್ರಾರ್ಥನಾಮಂದಿರ ಇತ್ತು, ಅದರ ಚಾವಣಿಯ ಮಳೆನೀರು ಹಿಡಿಯಲು ತೋಡಿದ್ದಿರಬೇಕು. ಕಟ್ಟುವಾಗ ಮುಚ್ಚಿ ಮರೆತಿದ್ದಾರೆ. ತೊಟ್ಟಿಯಲ್ಲಿ ನೀರಿತ್ತು. ಅದೂ ತಾಜಾ ನೀರು.

ತಾಜಾ ನೀರು ಎಲ್ಲಿಂದ ಬಂತು ಎಂಬುದನ್ನು ಕಂಡುಹಿಡಿದವನು ಗುತ್ತಿಗೆದಾರ. ಬೇಸರಕ್ಕೆ ಚರ್ಚು ಸುತ್ತುತ್ತಿದ್ದವನು ಎ.ಸಿ.ಯ ಹತ್ತಿರ ನಿಂತು ಕೂಗಿದ. ಎ.ಸಿ.ಯಿಂದ ಸೋರುವ ನೀರಿನ ಪ್ಲಾಸ್ಟಿಕ್ ಕೊಳವೆಯನ್ನು ಎ.ಸಿ. ಕೂರಿಸಿದವರು ಗೋಡೆಯ ಬುಡದ ಒಂದು ಹಳೆಯ ತೂತಿಗೆ ತೂರಿಸಿ ಹೋಗಿದ್ದರು. ತೂತು ನೇರ ತೊಟ್ಟಿಗೆ.

"ಪೂಜೆ ಇಲ್ಲದಿದ್ರೂ ಎ.ಸಿ. ಹಾಕಿಡ್ತಿದ್ರಾ?" ಎಂದು ಅಜ್ಜಿಯನ್ನು ಕೇಳಿದೆ.

"ಮತ್ತೆ? ಆರ್ಗನ್‌ಗೆ ಸೆಕೆ ಆಗಲ್ವಾ?"

ಬಿಸಿಲು ಹೆಚ್ಚಿದಷ್ಟೂ ಎ.ಸಿ. ಹೆಚ್ಚು ಓಡಿದೆ, ಎ.ಸಿ. ಓಡಿದಷ್ಟೂ ತೊಟ್ಟಿ ತುಂಬಿದೆ. ಊರೆಲ್ಲ ಒಣಗಿ ಇಳಿದ ವರ್ಷ ಗರ್ಭಗುಡಿ ಮಾತ್ರ ಹೊಟ್ಟೆ ತುಂಬ ಕುಡಿದು ಉಬ್ಬಿ ನಿಂತಿದೆ. ಹಜಾರ ಬಿಟ್ಟುಹೋದದ್ದಲ್ಲ. ಗರ್ಭಗುಡಿ ಜೊತೆಗೆ ಬರಲಿಲ್ಲ. ಬಿರುಕು ಮಾತ್ರ ಎರಡಕ್ಕೂ ಒಂದೇ ಥರ ಕಾಣುತ್ತದೆ. ಗಂಡಹೆಂಡಿರ ಜಗಳದಲ್ಲಿ ಬಾಗಿಲು ಹಾಕಿಕೊಂಡವರು ಯಾರು ಅಂತ ಬಾಗಿಲು ನೋಡಿ ಹೇಳಲಾಗುವುದಿಲ್ಲ.

ಸರ್ ಬೆಂಚಿನ ಮೇಲೆ ಕೂತು ಕಾಲುಚೀಲ ಹಾಕಿಕೊಳ್ಳುತ್ತ ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳಿದರು. "ನೋಡಮ್ಮ, ಈಗ ಹಜಾರಕ್ಕೆ ಕಂಬ ಹೊಡೆದ್ರೆ ಇದ್ದ ಜಾಗದಲ್ಲೇ ಮೊಳೆ ಹೊಡೆದಂಗೆ. ಮಳೆ ಬಂದಾಗ ಮೇಲೆ ಬರೋಕಾಗಲ್ಲ. ಅದು ತಪ್ಪು, ಒಪ್ಪಿದೆ. ಆದ್ರೆ ಇವತ್ತು ನಿಲ್ಲಿಸಿ, ಈಸ್ಟರ್ ಹೊತ್ತಿಗೆ ನಿನ್ನ ಮಾತೂ ಸುಳ್ಳಾದ್ರೆ, ಕೊರೆಯೋಕೆ ಟೈಮ್ ಇರಲ್ಲ. ಮುಚ್ಚಿಬಿಡ್ತಾರೆ. ಅದನ್ನ ಈ ಅಜ್ಜಿಗೆ ಹೇಳೋಳು ನೀನೇ. ನಾನು ಬರಲ್ಲ."

ಕಮಾನಿನ ಕಡೆ ನೋಡಿದೆ. ಹೋಳಾದ ನಕ್ಷತ್ರ ಕಂಡಿತು. "ಹೇಳ್ತೀನ್ರಿ ಸರ್. ಮಷೀನ್ ವಾಪಸ್ ಕಳಸ್ರಿ," ಅಂದೆ.

ಯಂತ್ರ ಲಾರಿ ಹತ್ತಿತು. ಗುತ್ತಿಗೆದಾರ ಸಿಟ್ಟಾಗಬೇಕಿತ್ತು. ಅವನು, "ಎರಡು ಜೊತೆ ಶೂ ಬಿಚ್ಚಿದ್ದಕ್ಕೆ ನನ್ನ ಕೆಲಸ ಹೋಯ್ತು ಅಂತ ಹೆಂಡತಿಗೆ ಹೇಳಿದ್ರೆ ನಂಬ್ತಾಳಾ?" ಎಂದು ತಲೆ ಕೆರೆದುಕೊಂಡ.

ಬಿಷಪ್ಪರ ಕಚೇರಿಯ ಕಟ್ಟಡ ಅಧಿಕಾರಿಗೆ ಕಾಲಿನ ಕಥೆ ಹೇಳಲಿಲ್ಲ. ಮಣ್ಣಿನ ಮಾದರಿಗಳನ್ನು ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ ಆಸ್ಟಿನ್‌ನ ಪ್ರಯೋಗಾಲಯಕ್ಕೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಅಲ್ಲಿಂದ ಬಂದ ವರದಿ ನಮ್ಮ ಪರವಾಗಿತ್ತು. ಆದರೆ ಅಧಿಕಾರಿ ಜಾಣ. ಮಣ್ಣು ಒದ್ದೆ ಅನ್ನುವುದು ಸರಿ, ಗೋಡೆ ಮತ್ತೆ ಕೂಡುತ್ತದೆ ಅನ್ನುವುದಕ್ಕೆ ಅಳತೆ ತೋರಿಸಿ ಅಂದ. ನ್ಯಾಯವಾದ ಮಾತೇ.

ಈ ಸಲ ಅಳತೆಗೆ ಚರ್ಚಿನ ಒಳಗಿನ ಯಾವ ಕಲ್ಲನ್ನೂ ನಂಬಲಿಲ್ಲ. ಊರಾಚೆ ಒಣಗಿದ ಹಳ್ಳದಲ್ಲಿ ಕದಲದ ಬಂಡೆ ಕಾಣಿಸಿಕೊಂಡಿತ್ತು, ಸೇತುವೆ ನಿಂತಿದ್ದೂ ಅದರ ಮೇಲೆಯೇ. ಅಲ್ಲಿ ಗುರುತು ಕೊರೆದು, ಅಲ್ಲಿಂದ ಚರ್ಚಿನವರೆಗೆ ಯಂತ್ರವನ್ನು ಹಂತ ಹಂತವಾಗಿ ಸಾಗಿಸುತ್ತ ಅಳೆದೆ. ಪ್ರತಿ ಸಲ ಬಂದಾಗಲೂ ಹಳ್ಳದಿಂದಲೇ ಶುರು. ಚರ್ಚಿನ ಜೊತೆಗೆ ಸ್ಮಶಾನದ ಗೋಡೆ, ಊರಿನ ಸಭಾಭವನ ಎಲ್ಲವನ್ನೂ ಅಳೆದೆ.

ಇನ್ನು ಚಿಕಿತ್ಸೆ. ಗರ್ಭಗುಡಿಯ ನೀರು ಒಮ್ಮೆಲೇ ತೆಗೆದರೆ ಅದು ಧಡಾರನೆ ಇಳಿದು ಗುಮ್ಮಟಕ್ಕೇ ಪೆಟ್ಟು. ಎ.ಸಿ. ಕೊಳವೆಯನ್ನು ಪೀಪಾಯಿಗೆ ತಿರುಗಿಸಿದೆವು. ತೊಟ್ಟಿಯ ನೀರನ್ನು ಸಣ್ಣ ಪಂಪಿನಿಂದ ದಿನಕ್ಕಿಷ್ಟು ಅಂತ ಎತ್ತಿ ಹಜಾರದ ಸುತ್ತ ಜಿನುಗಿಸುವುದು, ಹೆಚ್ಚಾದ ಕಡೆಯದನ್ನು ಕಡಿಮೆಯಾದ ಕಡೆ ಹಾಕುವುದು. ಅದಕ್ಕೆ ತೂತಿನ ಪೈಪು ಬೇಕು. ಬರದ ವರ್ಷ, ಸುತ್ತಲಿನ ಯಾವ ಅಂಗಡಿಯಲ್ಲೂ ಒಂದು ಗೇಣು ಉಳಿದಿರಲಿಲ್ಲ.

ಮರ್ಫಿಯ ಆಂಟಿಗೆ ಹೇಳಿಕೊಂಡೆ. ಅವರು ಕನ್ನಡದವರ ಇಮೇಲ್ ಗುಂಪಿನಲ್ಲಿ ಹಳೆಯ ಪೈಪು ಇದ್ದವರು ಕೊಡಿ ಅಂತ ಹಾಕಿದರು. ವಾರಾಂತ್ಯದ ಹೊತ್ತಿಗೆ ಗ್ಯಾರೇಜ್ ತುಂಬ ಕಪ್ಪು ಸುರುಳಿಗಳು. "ಯಾವ ದೇವಸ್ಥಾನಕ್ಕೆ ಅಂತ ಎಲ್ಲರೂ ಕೇಳಿದ್ರು," ಅಂದರು ಆಂಟಿ. "ಚರ್ಚಿಗೆ ಅಂದೆ. ಇರ್ಲಿ, ನೀರು ತಾನೇ ಅಂದ್ರು." ಕಾರಿನ ಹಿಂದಿನ ಸೀಟು ಮಡಚಿ ಅಷ್ಟನ್ನೂ ತುಂಬಿಕೊಂಡು ಹೋದೆ. ವಾರಗಟ್ಟಲೆ ಕಾರಿನಲ್ಲಿ ರಬ್ಬರ್ ವಾಸನೆ.

ಊರಿನ ಗಂಡಸರು ಪೈಪು ಹಾಸಲು ಬಂದರು, ನಕ್ಕರು, ಹಾಸಿದರು. ಪಂಪು ಹಾಕುವ ಕೆಲಸ ಅಜ್ಜಿ ವಹಿಸಿಕೊಂಡರು. ಬೆಳಗ್ಗೆ ಗಂಟೆ ಹೊಡೆದ ಮೇಲೆ ಪಂಪು.

ಚಳಿಗಾಲದಲ್ಲಿ ಕೊನೆಗೂ ಮಳೆ ಬಂತು. ಬಂದ ಹಿಂದೆಯೇ ಅಜ್ಜಿಯ ಫೋನ್ ಬಂತು. ಅವರ ದನಿಯಲ್ಲಿ ಎಂದಿನ ಕುಶಾಲು ಇರಲಿಲ್ಲ. "ಹುಡುಗಿ, ನಿನ್ನ ಗಾಜು ಒಡೆದಿದೆ. ಎಲ್ಲಾ."

ದಾರಿಯುದ್ದಕ್ಕೂ ಅವರಿಗೆ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತ ಹೋದೆ. ಯಾವ ವಾಕ್ಯವೂ ಪೂರ್ತಿಯಾಗಲಿಲ್ಲ. ಚರ್ಚಿನೊಳಗೆ ಏಣಿ ಹತ್ತಿ ಟಾರ್ಚ್ ಬಿಟ್ಟೆ. ಗಾಜಿನ ಪಟ್ಟಿ ಒಡೆದದ್ದು ನಿಜ. ಆದರೆ ಬಿರುಕು ಅಗಲವಾದರೆ ಗಾಜಿನ ತುಂಡುಗಳು ಒಂದರಿಂದೊಂದು ದೂರ ಸರಿಯುತ್ತವೆ, ನಡುವೆ ಸಂದು ಬೀಳುತ್ತದೆ. ಇಲ್ಲಿ ಒಂದು ತುಂಡಿನ ಅಂಚು ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ಎಳೆದು ಹರಿದದ್ದಲ್ಲ, ಎರಡು ಕಡೆಯಿಂದ ಒತ್ತಿ ಮುರಿದದ್ದು. ಎಲ್ಲ ಪಟ್ಟಿಗಳನ್ನೂ ನೋಡಿದೆ. ಎಲ್ಲವೂ ಹಾಗೆಯೇ.

ಏಣಿಯ ಮೇಲಿಂದಲೇ ಅಂದೆ. "ಮುಚ್ಚುತ್ತಿದೆ, ಮ್ಯಾಮ್."

ಅಜ್ಜಿ ಕೆಳಗಿನ ಬೆಂಚಿನಲ್ಲಿ ಧಪ್ಪನೆ ಕೂತರು. "ಯಾವುದು? ಚರ್ಚಾ?"

"ಅಲ್ಲ, ಬಿರುಕು. ಬಿರುಕು ಮುಚ್ಚುತ್ತಿದೆ."

"ಮೊದಲೇ ಹಾಗೆ ಹೇಳಬಾರದಾ? ಈ ವಯಸ್ಸಿನವರಿಗೆ ವಾಕ್ಯ ಪೂರ್ತಿ ಹೇಳಬೇಕು."

ಹಳ್ಳದ ಬಂಡೆಯಿಂದ ತೆಗೆದ ಅಳತೆಗಳೂ ಅದನ್ನೇ ಹೇಳಿದವು. ಮಳೆಗೆ ಹಜಾರ ಮೇಲೆದ್ದಿತ್ತು, ಸ್ಮಶಾನದ ಗೋಡೆಯೂ ಎದ್ದಿತ್ತು, ಸಭಾಭವನವೂ ಎದ್ದಿತ್ತು. ಗರ್ಭಗುಡಿ ಒಂದಿಷ್ಟು ಇಳಿದು ಅವರ ಜೊತೆ ಸೇರಿಕೊಂಡಿತ್ತು. ನೂರು ವರ್ಷದಿಂದ ಆ ಕಟ್ಟಡ ಬೇಸಿಗೆಗೆ ಇಳಿದು ಮಳೆಗೆ ಏಳುತ್ತ ಬಂದಿದೆ. ದುಂಡು ಕಮಾನಿನ ಒಂದೊಂದು ಕಲ್ಲಿನ ನಡುವೆಯೂ ಮೆತ್ತನೆಯ ಸುಣ್ಣದ ಗಾರೆ ಇರುವುದೇ ಅದಕ್ಕೆ, ಚೂರು ಕದಲಿ ಮತ್ತೆ ಕೂರಲಿ ಅಂತ. ಅಧಿಕಾರಿ ಅಂಕಿಗಳನ್ನು ನೋಡಿದ, ಎರಡು ಸಲ ಪ್ರಶ್ನೆ ಕಳಿಸಿದ, ಮೂರನೆಯ ಸಲ ಕಳಿಸಲಿಲ್ಲ. ಉಳಿದ ಕೂದಲೆಳೆಯಷ್ಟು ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಿಸಿದೆವು. ಸಿಮೆಂಟು ಮುಟ್ಟಲಿಲ್ಲ. ತೊಟ್ಟಿಗೆ ಮರಳು ಜಲ್ಲಿ ತುಂಬಿ ಬಾಯಿ ಮುಚ್ಚಿದೆವು.

ಈಸ್ಟರ್‌ಗೆ ಮುಂಚಿನ ವಾರ ಸರ್ ಸೀಲು ತೆಗೆದುಕೊಂಡು ಬಂದರು. ಗುತ್ತಿಗೆದಾರನೂ ಬಂದಿದ್ದ. ಜಲ್ಲಿ ತುಂಬುವ ಕೆಲಸ ಅವನಿಗೇ ಕೊಟ್ಟಿದ್ದರಿಂದ ನಮ್ಮ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸರ್ ಮತ್ತು ನಾನು ಬಾಗಿಲಲ್ಲಿ ಶೂ ಬಿಚ್ಚಿದೆವು. ಈ ಸಲ ಗೊತ್ತಿದ್ದೇ ಬಿಚ್ಚಿದ್ದು. ಸರ್ ಪೆನ್ನು ತೆಗೆದರು.

"ನಿಲ್ಲಿ," ಅಂದರು ಅಜ್ಜಿ.

ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಬಗ್ಗಿ, ತಮ್ಮ ಕಪ್ಪು ಶೂಗಳನ್ನು ಬಿಚ್ಚಿದರು. ಸ್ಟಾಕಿಂಗ್ಸ್ ಇಳಿಸಿ ಮಡಚಿ ಶೂ ಒಳಗಿಟ್ಟರು. ನನ್ನ ತೋಳು ಹಿಡಿದು ಎದ್ದರು. ಆ ಕಲ್ಲುಹಾಸಿನ ಮೇಲೆ ಹುಟ್ಟಿದಾಗಿನಿಂದ ಓಡಾಡಿದವರು, ಬರಿಗಾಲಿಟ್ಟದ್ದು ಅದೇ ಮೊದಲು. ಹಜಾರದುದ್ದಕ್ಕೂ ನಿಧಾನವಾಗಿ ನಡೆದೆವು. ಕಮಾನಿನ ಕೆಳಗೆ ನಿಂತು, ಸರ್ ಮಾಡಿದ ಹಾಗೆಯೇ, ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತರು.

"ಎರಡೂ ಒಂದೇ," ಅಂದರು. ಆಮೇಲೆ ಸರ್ ಕಡೆ ತಿರುಗಿ, "ಈಗ ನೀವು ಸಹಿ ಮಾಡಬಹುದು."

ಸರ್ ಸಹಿ ಮಾಡಿ ಸೀಲು ಒತ್ತಿದರು. ಅಜ್ಜಿ ಬರಿಗಾಲಲ್ಲೇ ಗೋಪುರದ ಕಡೆ ಹೋಗಿ ಹಗ್ಗ ಹಿಡಿದರು. ಗಂಟೆಯ ಸದ್ದಿಗೆ ಊರಿನ ನಾಯಿಗಳೆಲ್ಲ ಬೊಗಳಿದವು, ಯಾರೋ ದೂರದಲ್ಲಿ ಟ್ರಕ್ಕಿನ ಹಾರ್ನ್ ಬಾರಿಸಿದರು.

ಆ ಸಂಜೆ ಕಾರಿನಲ್ಲಿ ಕೂತು ವಿಜಯಪುರಕ್ಕೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಚರ್ಚು ಉಳಿಯಿತು ಎಂಬುದರಿಂದ ಹಿಡಿದು ಗುಮ್ಮಟ, ಗಾಜಿನ ಪಟ್ಟಿ, ಮೂರು ಜನ ಚಪ್ಪಲಿ ಬಿಚ್ಚಿ ಒಳಗೆ ನಡೆದದ್ದು, ಎಲ್ಲ ಹೇಳಿದೆ. ಅಪ್ಪ ಕೊನೆಯವರೆಗೂ ಹೂಂಗುಟ್ಟುತ್ತ ಕೇಳಿದರು.

"ಚಲೋ ಆತು ಬಿಡವ್ವ," ಅಂದರು. "ಮತ್ತ ಚಪ್ಲಿ ಯಾರು ಕಾಯ್ದ್ರು?"

ನಾನು ಆ ಬಾಗಿಲನ್ನು ನೆನಪಿಸಿಕೊಂಡೆ. ನಾವು ಹೊರಗೆ ಬಂದಾಗ ಮೀಸೆಯ ಗುತ್ತಿಗೆದಾರ ಹೊಸ್ತಿಲ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಮ್ಮ ಮೂರು ಜೊತೆಗಳನ್ನೂ ಗೋಡೆಗೆ ಒತ್ತಿ ಸಾಲಾಗಿ ಜೋಡಿಸಿದ್ದ.

"ಒಬ್ಬ ಅದಾನಪ್ಪ," ಅಂದೆ. "ಬೂಟು ಹಾಕ್ಕೋ ಅಂತ ಬೈದಿದ್ನಲ್ಲ, ಅವನ."